ಕ್ರಿಸ್ಮಸ್ ರಾತ್ರಿಗೆ ಬಾಡಿಗೆ ಕಾವಲು: 5ಕ್ಕೆ ಎರಡೂವರೆ

ಚಿಕ್ಕಮಗಳೂರಿನ ನಮ್ಮ ಚರ್ಚಿಗೆ ಕಳೆದ ಡಿಸೆಂಬರ್ 24 ಮತ್ತು 31ರ ರಾತ್ರಿ ಒಂದು ಸೆಕ್ಯುರಿಟಿ ಏಜೆನ್ಸಿಯಿಂದ ನಾಲ್ಕು ಗಾರ್ಡ್‌ಗಳನ್ನು ಕರೆಸಿದ್ದೆವು. ಏಜೆನ್ಸಿಯ ಹೆಸರು ಹಾಕುವುದಿಲ್ಲ, ಊರು ಚಿಕ್ಕದು. ತಲೆಗೆ ಪಾಳಿಗೆ 900 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ ಒಟ್ಟು 8,496. ಬಿಲ್ ಮಾತ್ರ ಚೊಕ್ಕವಾಗಿ ಕೊಟ್ಟರು. ಎರಡೂವರೆಯಲ್ಲಿ ಒಂದು ಅಂಕ ಅದಕ್ಕೇ.

ಇಷ್ಟು ವರ್ಷ ಈ ಕೆಲಸ ನಮ್ಮ ಹುಡುಗರೇ ಮಾಡುತ್ತಿದ್ದರು. ಆದರೆ ಡಿಸೆಂಬರ್ ಅಂದರೆ ಕಾಫಿ ಕುಯ್ಲು, ಅರ್ಧ ಜನ ಸಂಜೆವರೆಗೂ ತೋಟದಲ್ಲೇ ಇರುತ್ತಾರೆ. ಜೊತೆಗೆ ರಜೆಗೆ ಬಂದ ಪ್ರವಾಸಿಗರು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ನೋಡೋಕೆ ಅಂತ ಕಾರು ತಂದು ಗೇಟಿಗೇ ಅಡ್ಡ ನಿಲ್ಲಿಸುತ್ತಾರೆ. ದುಡ್ಡು ಕೊಟ್ಟರೆ ತಲೆನೋವು ಹೋಗುತ್ತೆ ಅಂದುಕೊಂಡೆವು.

24ರಂದು ನಾಲ್ವರು ಬಂದರು. ಇಬ್ಬರ ಕುತ್ತಿಗೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ಇತ್ತು, ಇನ್ನಿಬ್ಬರಿಗೆ ಇರಲಿಲ್ಲ. ಅದರಲ್ಲಿ ಒಬ್ಬನನ್ನು ಟ್ರೇನಿಂಗ್ ಎಲ್ಲಿ ಆಯ್ತಪ್ಪಾ ಅಂತ ಕೇಳಿದರೆ, "ನಿನ್ನೆ ಸಂಜೆ ಬಂದೆ ಸಾರ್" ಅಂದ. ಸ್ವೆಟರ್ ಕೂಡ ಇರಲಿಲ್ಲ ಪಾಪ. ಇನ್ನೊಬ್ಬನ ಖಾಕಿ ಅಂಗಿ ನೋಡಿ ನಮ್ಮ ಚರ್ಚಿನ ವಾರ್ಡಿನ ಮುಂದಾಳು ಗುರಿಕಾರರು ಪೊಲೀಸ್ ಅಂದುಕೊಂಡು ನಮಸ್ಕಾರ ಹೊಡೆದಿದ್ದರು! ಹೆಂಗಸರ ಬ್ಯಾಗು ನೋಡೋಕೆ ಒಬ್ಬ ಮಹಿಳಾ ಗಾರ್ಡ್ ಬೇಕು ಅಂತ ಫೋನಲ್ಲಿ ಎರಡು ಸಲ ಹೇಳಿದ್ದೆ, ಬರಲಿಲ್ಲ. ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಶುರುವಾಗುವ ಹೊತ್ತಿಗೆ ಇವರು ತಡೆದು ನಿಲ್ಲಿಸಿದ್ದು ಯಾರನ್ನು ಗೊತ್ತಾ? ಕೀಬೋರ್ಡ್ ಹೊತ್ತು ತರುತ್ತಿದ್ದ ನಮ್ಮ ಗಾಯನ ತಂಡದವನನ್ನು.

ಹಬ್ಬ ಮುಗಿದ ಮೇಲೆ ಕುತೂಹಲಕ್ಕೆ ಕಾನೂನು ತೆಗೆದು ಓದಿದೆ. ಮೊದಲೇ ಓದಬೇಕಿತ್ತು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಈ ವ್ಯಾಪಾರ ಮಾಡುವಂತಿಲ್ಲ. ಲೈಸೆನ್ಸ್ ಅಥವಾ ಅದರ ಪ್ರತಿಯನ್ನು ಏಜೆನ್ಸಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ಗಾರ್ಡ್‌ಗೆ 18ರಿಂದ 65ರ ಒಳಗೆ ವಯಸ್ಸು, ನಡತೆಯ ತಪಾಸಣೆ, ತರಬೇತಿ, ಇಷ್ಟೂ ಆಗಿರಬೇಕು. ಕೇಂದ್ರದ ಮಾದರಿ ನಿಯಮದಲ್ಲಿ ತರಬೇತಿ ಅಂದರೆ 100 ಗಂಟೆ ಪಾಠ, 60 ಗಂಟೆ ಹೊರಗಿನ ಅಭ್ಯಾಸ. ನಮ್ಮ ಸ್ವೆಟರಿಲ್ಲದ ಹುಡುಗ ಅಷ್ಟನ್ನೂ ಒಂದೇ ರಾತ್ರಿಯಲ್ಲಿ ಮುಗಿಸಿದ್ದ ಅಂತ ಕಾಣುತ್ತೆ. ಪೊಲೀಸರಂತೆ ಕಾಣುವ ಬಟ್ಟೆ ಹಾಕಿದರೆ ಗಾರ್ಡ್‌ಗೂ ಏಜೆನ್ಸಿ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ.

ಹಾಗಾದರೆ ಇಷ್ಟು ವರ್ಷ ಪುಕ್ಕಟೆ ನಿಂತ ನಮ್ಮ ಹುಡುಗರು? ಕಾಯ್ದೆಯ ಮಾತೆಲ್ಲ ಕಾವಲನ್ನು ವ್ಯಾಪಾರವಾಗಿ ಕೊಡುವವರ ಬಗ್ಗೆ. ಸಂಬಳವಿಲ್ಲದೆ ತಮ್ಮದೇ ಚರ್ಚಿನ ಗೇಟಲ್ಲಿ ನಿಲ್ಲುವವರು ಏಜೆನ್ಸಿ ಅಲ್ಲ. ಆದರೆ ಸ್ವಯಂಸೇವಕ ಅಂದ ಮಾತ್ರಕ್ಕೆ ಹೆಚ್ಚಿನ ಅಧಿಕಾರವೂ ಬರುವುದಿಲ್ಲ. ಹಕ್ಕಿನಿಂದ ಜಾಮೀನು ಸಿಗದಂಥ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ಕಣ್ಣೆದುರೇ ನಡೆದರೆ ಯಾರು ಬೇಕಾದರೂ ಹಿಡಿಯಬಹುದು, ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಪ್ರಕಾರ ಹಿಡಿದ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನ ಬಂತು ಅಂತ ಒಬ್ಬನನ್ನು ಸ್ಟೋರ್ ರೂಮಲ್ಲಿ ಕೂಡಿಹಾಕಿದರೆ ಕೇಸ್ ಬೀಳುವುದು ನಮ್ಮ ಮೇಲೆ.

ಅಮೆರಿಕದ ಡಲ್ಲಾಸ್‌ನಲ್ಲಿರುವ ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದಾಗ ಅವನು ನಕ್ಕ. "ಮಾಮ, ನಮ್ಮಲ್ಲಿ ಇದಕ್ಕೆ ಕಾನೂನೇ ಬಂದಿದೆ" ಅಂದ. ನಿಜ, ಡಲ್ಲಾಸ್ ಇರುವ ಟೆಕ್ಸಾಸ್‌ನಲ್ಲಿ 2017ರ ಸೆಪ್ಟೆಂಬರ್ 1ರಿಂದ ಚರ್ಚಿನ ಸ್ವಯಂಸೇವಕ ಕಾವಲುಗಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಆದರೆ ಸಂಬಳ ತಗೊಳ್ಳುವಂತಿಲ್ಲ, 'ಸೆಕ್ಯುರಿಟಿ' ಅಂತ ಬರೆದ ಬಟ್ಟೆ, ಬ್ಯಾಡ್ಜ್ ಹಾಕುವಂತಿಲ್ಲ, ಪೊಲೀಸರ ಹಾಗೆ ಕಾಣುವಂತೆಯೂ ಇಲ್ಲ. 2019ರ ಡಿಸೆಂಬರ್ 29ರಂದು ಅಲ್ಲಿನ ವೈಟ್ ಸೆಟ್ಲ್‌ಮೆಂಟ್ ಊರಿನ ಚರ್ಚಿನಲ್ಲಿ ಒಬ್ಬ ಗುಂಡು ಹಾರಿಸಿ ಇಬ್ಬರನ್ನು ಕೊಂದಾಗ, ಕೆಲವೇ ಸೆಕೆಂಡಲ್ಲಿ ಅವನನ್ನು ಹೊಡೆದುರುಳಿಸಿದ್ದು ಇಂಥ ಒಬ್ಬ ಸ್ವಯಂಸೇವಕನೇ. ಅವರ ಕೈಯಲ್ಲಿ ಬಂದೂಕು, ನಮ್ಮವರ ಕೈಯಲ್ಲಿ ಟಾರ್ಚು. ಅಲ್ಲಿಯದನ್ನು ತಂದು ಇಲ್ಲಿ ಅಳೆಯೋಕೆ ಆಗುವುದಿಲ್ಲ. ಆದರೂ ಆ ಬಟ್ಟೆಯ ನಿಯಮ ನನಗೆ ಚುಚ್ಚಿತು. ಯಾಕಂದರೆ ನಮ್ಮ ಹುಡುಗರ ಹಸಿರು ಜಾಕೆಟ್ ಬೆನ್ನ ಮೇಲೆ ದಪ್ಪಕ್ಷರದಲ್ಲಿ 'ಸೆಕ್ಯುರಿಟಿ' ಅಂತ ಬರೆಸಿದ್ದು ನಾನೇ.

ಉಳಿದ ಒಂದೂವರೆ ಅಂಕ ಆ ನಾಲ್ವರಲ್ಲಿ ಹಿರಿಯರಾದ ಒಬ್ಬರಿಗೆ. ಮಿಲಿಟರಿಯಿಂದ ನಿವೃತ್ತರು, ಸಕಲೇಶಪುರದ ಕಡೆಯವರು. ಅಂಥವರಿಗೆ ತರಬೇತಿ 40 ಗಂಟೆ ಪಾಠ, 16 ಗಂಟೆ ಅಭ್ಯಾಸ ಸಾಕು ಅಂತ ನಿಯಮದಲ್ಲೇ ಇದೆ, ಯಾಕೆ ಅಂತ ಅವರನ್ನು ನೋಡಿದರೆ ತಿಳಿಯುತ್ತೆ. 31ರ ರಾತ್ರಿ ಕುಡಿದು ಬಂದು ಗೇಟಲ್ಲಿ ಕೂಗಾಡುತ್ತಿದ್ದ ನಾಲ್ಕು ಪ್ರವಾಸಿಗರನ್ನು ಮೈಮುಟ್ಟದೆ, ದನಿ ಏರಿಸದೆ, ಮಾತಾಡಿಸುತ್ತಾ ಮಾತಾಡಿಸುತ್ತಾ ಕಾರಿನವರೆಗೂ ನಡೆಸಿಕೊಂಡು ಹೋದರು. ಡ್ರೈವರ್ ಕುಡಿದಿಲ್ಲ ಅಂತ ಗೊತ್ತಾದ ಮೇಲೆಯೇ ಬಿಟ್ಟರು.

ಈ ಸಲ ಇಬ್ಬರನ್ನೇ ಕರೆಸುತ್ತೇವೆ, ಅವರು ಸಿಕ್ಕಿದರೆ ಅವರನ್ನೇ. ಅಡ್ವಾನ್ಸ್ ಕೊಡುವ ಮುಂಚೆ ಲೈಸೆನ್ಸ್, ಗುರುತಿನ ಚೀಟಿ, ತರಬೇತಿ ಪತ್ರ ನೋಡುತ್ತೇನೆ. ಮಿಕ್ಕಿದ್ದು ನಮ್ಮ ಹುಡುಗರು, ಹೆಂಗಸರ ಕಡೆಗೆ ನಮ್ಮ ಹುಡುಗಿಯರು. ಜಾಕೆಟ್ ಅಕ್ಷರ ಬದಲಾಯಿಸೋಕೆ ಪ್ರಿಂಟಿಂಗ್‌ನವನು ಒಂದಕ್ಕೆ 60 ರೂಪಾಯಿ ಕೇಳಿದ್ದಾನೆ, ಫಾದರ್ ಹತ್ತಿರ ಇನ್ನೂ ಹೇಳಿಲ್ಲ.