ದಾಖಲೆಯಿಲ್ಲದ ಮಾರ್ಪಾಡುಗಳ ಐದು ವಾಟ್ ಟ್ಯೂಬ್ ಆಂಪ್ಲಿಫೈಯರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಶಿವಮೊಗ್ಗದಲ್ಲಿ ಆರ್ಕೆಸ್ಟ್ರಾ ನುಡಿಸುವುದನ್ನು ನಿಲ್ಲಿಸಿದ ಗಿಟಾರ್ ವಾದಕರೊಬ್ಬರಿಂದ ನಾನು ಕೊಂಡ ಈ ಆಂಪ್ಲಿಫೈಯರ್ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಈಗಾಗಲೇ ಹಲವು ಮಳೆಗಾಲಗಳನ್ನು ಕಂಡಿದೆ. ಇದು ಕಾರ್ಖಾನೆಯ ಮಾಲಲ್ಲ, ಯಾರೋ ಕೈಯಿಂದ ಕಟ್ಟಿದ್ದು. ಒಳಗಿನ ನಕ್ಷೆ ಮಾತ್ರ ಹೆಸರುವಾಸಿಯಾದದ್ದು: 1950ರ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿ ತಯಾರಿಸುತ್ತಿದ್ದ ಚಾಂಪ್ ಎಂಬ ಪುಟ್ಟ ಆಂಪ್ಲಿಫೈಯರಿನ 5ಎಫ್1 ಸರ್ಕ್ಯೂಟ್. ನಾದದ ವಿಷಯದಲ್ಲಿ ನನಗೆ ಇದರ ಮೇಲೆ ಯಾವ ದೂರೂ ಇಲ್ಲ. ಆದರೆ ನನ್ನ ಕೈಗೆ ಬರುವ ಮೊದಲೇ ಇದರೊಳಗೆ ಒಬ್ಬರಲ್ಲ, ಕನಿಷ್ಠ ಇಬ್ಬರು ಕೈಯಾಡಿಸಿದ್ದರು, ಮತ್ತು ಏನು ಬದಲಾಯಿಸಿದೆವು ಎಂದು ಅವರಲ್ಲಿ ಯಾರೂ ಒಂದು ಚೀಟಿಯನ್ನೂ ಬರೆದಿಟ್ಟಿರಲಿಲ್ಲ. ಈ ವಿಮರ್ಶೆಯ ಹೆಚ್ಚಿನ ಭಾಗ ಆ ಬದಲಾವಣೆಗಳನ್ನು ಪತ್ತೆ ಹಚ್ಚಿ ಸರಿಪಡಿಸಿದ ಕುರಿತೇ ಇದೆ, ಏಕೆಂದರೆ ಹಳೆಯ ಟ್ಯೂಬ್ ಆಂಪ್ಲಿಫೈಯರ್ ಕೊಳ್ಳುವವರಿಗೆ ಎದುರಾಗುವ ನಿಜವಾದ ಪ್ರಶ್ನೆ ಅದೇ.

ಮೊದಲು ಇದರ ಗುಣದ ಬಗ್ಗೆ ಹೇಳುತ್ತೇನೆ. ಒಳಗಿರುವುದು ಮೂರೇ ಟ್ಯೂಬ್, ಅಂದರೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್: ಗಿಟಾರಿನ ಸಣ್ಣ ಸಂಕೇತವನ್ನು ಎರಡು ಹಂತಗಳಲ್ಲಿ ಹಿಗ್ಗಿಸುವ 12ಎಎಕ್ಸ್7, ಸ್ಪೀಕರಿಗೆ ಶಕ್ತಿ ಕೊಡುವ 6ವಿ6, ಎಸಿಯನ್ನು ಡಿಸಿ ಮಾಡುವ 5ವೈ3. ಎದುರಿಗಿರುವುದು ಒಂದೇ ವಾಲ್ಯೂಮ್, ಟೋನ್ ಕಂಟ್ರೋಲ್ ಇಲ್ಲ. ಎಂಟು ಇಂಚಿನ ಸ್ಪೀಕರಿನಿಂದ ಬರುವ ಐದು ವಾಟ್ ಕಾಗದದ ಮೇಲೆ ಕಡಿಮೆ ಎನಿಸಿದರೂ ನಡುಮನೆಯಲ್ಲಿ ಅದು ಸಾಕಷ್ಟು ದೊಡ್ಡ ಸದ್ದೇ. ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗಿಟ್ಟರೆ ಸುಗಮ ಸಂಗೀತಕ್ಕೆ ಜೊತೆ ಕೊಡುವಷ್ಟು ತಿಳಿಯಾದ ಸ್ವರ ಬರುತ್ತದೆ. ಅರ್ಧ ದಾಟಿದ ಮೇಲೆ ತಂತಿಯನ್ನು ಎಷ್ಟು ಬಲವಾಗಿ ಮೀಟುತ್ತೇವೋ ಅಷ್ಟರಮಟ್ಟಿಗೆ ಸ್ವರದ ಅಂಚು ಒಡೆದು ಒರಟಾಗುತ್ತದೆ, ಕೈ ಹಗುರ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಡ್ರಮ್ಸ್ ಇರುವ ವೇದಿಕೆಯಲ್ಲಿ ಮಾತ್ರ ಇದು ಕೇಳಿಸುವುದಿಲ್ಲ, ಅಲ್ಲಿ ಮುಂದೆ ಒಂದು ಮೈಕ್ ಇಡಲೇಬೇಕು.

ತೊಂದರೆ ಶುರುವಾದದ್ದು ಹೀಗೆ. ಅರ್ಧ ಗಂಟೆ ನುಡಿಸುವಷ್ಟರಲ್ಲಿ ಸದ್ದು ಕುಗ್ಗುತ್ತಿತ್ತು, ಹಿನ್ನೆಲೆಯಲ್ಲಿ ಗುಂಯ್ ಎಂಬ ಹಮ್ಮಿಂಗ್ ಏರುತ್ತಿತ್ತು, ದೀಪ ಆರಿಸಿ ಹಿಂಬದಿಯಿಂದ ನೋಡಿದರೆ 6ವಿ6 ಟ್ಯೂಬಿನೊಳಗಿನ ಬೂದುಬಣ್ಣದ ಲೋಹದ ತಗಡು, ಅಂದರೆ ಪ್ಲೇಟ್, ಒಂದು ಪಕ್ಕದಲ್ಲಿ ಮಂಕಾಗಿ ಕೆಂಪಗೆ ಕಾದಿರುತ್ತಿತ್ತು. ಮೊದಲು ತೋರಿಸಿದ ಅಂಗಡಿಯಲ್ಲಿ ಟ್ಯೂಬ್ ಬದಲಿಸಿ ಕೊಟ್ಟರು, ಹೊಸ ಟ್ಯೂಬೂ ಅದೇ ದಾರಿ ಹಿಡಿಯಿತು. ಆಮೇಲೆ ಇದು ಹೋದದ್ದು ಶಿವಮೊಗ್ಗದಲ್ಲಿ ವಾಲ್ವ್ ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದಿರುವ ಹಿರಿಯರೊಬ್ಬರ ಬಳಿಗೆ. ಅವರ ಸೇವೆಯನ್ನೂ ಈ ವಿಮರ್ಶೆಯಲ್ಲಿ ಸೇರಿಸಿಯೇ ಹೇಳುತ್ತಿದ್ದೇನೆ, ಏಕೆಂದರೆ ಅವರು ಕೆಲಸ ಆರಂಭಿಸಿದ ರೀತಿಯಲ್ಲೇ ಉಳಿದವರಿಗಿಂತ ಬೇರೆಯಾಗಿದ್ದರು. ಪ್ಲಗ್ ತೆಗೆದ ಮೇಲೂ, ಡಿಸಿಯ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕಂಡೆನ್ಸರುಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಒಳಗೆ ಕೈ ಹಾಕಿದರು. ಆದರೆ ಬೆಸುಗೆಯನ್ನು ಮುಟ್ಟಲಿಲ್ಲ. ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ, ಎಲ್ಲಿಂದ ಎಲ್ಲಿಗೆ ಯಾವ ವೈರ್ ಹೋಗಿದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡು, ಅದರ ಪಕ್ಕದಲ್ಲಿ ಮೂಲ 5ಎಫ್1 ನಕ್ಷೆಯನ್ನಿಟ್ಟು, ಎರಡೂ ಹೊಂದದ ಕಡೆಯಲ್ಲೆಲ್ಲ ಕೆಂಪು ಗುರುತು ಹಾಕಿದರು. ಈ ಸರ್ಕ್ಯೂಟ್ ಒಂದು ಪುಟದೊಳಗೆ ಹಿಡಿಯುವುದರಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ನಾನು ಇದರ ಅತಿ ದೊಡ್ಡ ಗುಣವೆಂದು ಎಣಿಸುತ್ತೇನೆ.

ಮೊದಲ ಕೆಂಪು ಗುರುತು ಬಿದ್ದದ್ದು 5ವೈ3 ಟ್ಯೂಬಿನ ಸಾಕೆಟ್ ಮೇಲೆ. ಕರೆಂಟ್ ಮಿತಿಮೀರದಂತೆ ತಡೆಯುವ ಸೀರೀಸ್ ಬಲ್ಬಿನ ಬೋರ್ಡಿಗೆ ಜೋಡಿಸಿ ಆಂಪ್ಲಿಫೈಯರನ್ನು ಚಾಲೂ ಮಾಡಿ, ಆರಿಸಿ, ಆ ಟ್ಯೂಬನ್ನೇ ಕಿತ್ತು ಪಕ್ಕಕ್ಕಿಟ್ಟು ಅವರು ಮತ್ತೆ ಸ್ವಿಚ್ ಹಾಕಿದರು. ಎಸಿಯನ್ನು ಡಿಸಿ ಮಾಡುವ ಈ ರೆಕ್ಟಿಫೈಯರ್ ಇಲ್ಲದೆ ಡಿಸಿ ಬರಲೇಬಾರದು. ಮೀಟರಿನ ಮುಳ್ಳು ಮಾತ್ರ ಏರಿ ನಿಂತಿತು. ‘ಈ ಟ್ಯೂಬ್ ಸುಮ್ನೆ ಉರೀತಾ ಕೂತಿದೆ ಮಾರಾಯ್ರೇ, ಕೆಲಸ ಮಾಡ್ತಾ ಇರೋದು ಬೇರೆ ಯಾರೋ’ ಎಂದರು. ಸಾಕೆಟ್ಟಿನ ಅಡಿಯಲ್ಲಿ 4 ಮತ್ತು 6ನೇ ಪಿನ್ನುಗಳಿಂದ 8ನೇ ಪಿನ್ನಿಗೆ ಕಪ್ಪು ಸ್ಲೀವ್ ತೊಡಿಸಿದ ಎರಡು 1ಎನ್4007 ಡಯೋಡುಗಳು, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಟ್ಟು ಟ್ಯೂಬಿನ ಕೆಲಸವನ್ನೇ ಮಾಡುವ ಪುಟ್ಟ ಭಾಗಗಳು, ಅಡಗಿದ್ದವು. 5ವೈ3 ತನ್ನೊಳಗೆ ಸುಮಾರು 50 ವೋಲ್ಟನ್ನು ನುಂಗುವ ಟ್ಯೂಬ್, ಮತ್ತು ನಕ್ಷೆ ಮಾಡಿದವರು ಅದನ್ನು ಲೆಕ್ಕಕ್ಕೆ ಹಿಡಿದೇ ಉಳಿದ ಬಿಡಿಭಾಗಗಳ ಅಳತೆಗಳನ್ನು ನಿಗದಿ ಮಾಡಿದ್ದಾರೆ. ಡಯೋಡ್ ಬಹುತೇಕ ಏನನ್ನೂ ನುಂಗುವುದಿಲ್ಲ. ಹೀಗಾಗಿ 6ವಿ6 ಪ್ಲೇಟಿನ ಮೇಲೆ 410 ವೋಲ್ಟ್ ನಿಂತಿತ್ತು. ಟ್ಯೂಬಿನೊಳಗೆ ಎಲೆಕ್ಟ್ರಾನ್ ಹೊರಡಿಸುವ ಭಾಗವಾದ ಕ್ಯಾಥೋಡಿನ 470 ಓಮ್ ರೆಸಿಸ್ಟರಿನ ಮೇಲಿದ್ದ 23 ವೋಲ್ಟಿನಿಂದ ಹರಿಯುವ ಕರೆಂಟನ್ನು ಹಿಡಿದು ಲೆಕ್ಕ ಹಾಕಿದರೆ, ಪ್ಲೇಟ್ ಸಹಿಸುತ್ತಿದ್ದ ಶಾಖ 17 ವಾಟ್ ದಾಟುತ್ತಿತ್ತು. ಆ ಟ್ಯೂಬಿನ ಹಳೆಯ ಮಿತಿ 12 ವಾಟ್. ಕೆಂಪಗಾಗದೆ ಇನ್ನೇನಾದೀತು?

ಇದು ಟ್ಯೂಬಿಗಷ್ಟೇ ನಿಲ್ಲುವ ಅಪಾಯವಲ್ಲ. ಪವರ್ ಟ್ರಾನ್ಸ್‌ಫಾರ್ಮರಿನ ಹೈ ವೋಲ್ಟೇಜ್ ಸುರುಳಿಯ ನಡುವಿನಿಂದ ಎರಡೂ ಬದಿಗೆ 325 ವೋಲ್ಟ್ ಎಸಿ ಇರುವಾಗ ಪ್ರತಿ ಡಯೋಡ್ ಹಿಮ್ಮುಖವಾಗಿ ತಡೆಯಬೇಕಾದ ಒತ್ತಡ ಸುಮಾರು 920 ವೋಲ್ಟ್. ಮಲೆನಾಡಿನಲ್ಲಿ ನಡುರಾತ್ರಿ ಲೋಡ್ ಇಳಿದಾಗ ಮನೆಯ ಕರೆಂಟ್ 250 ವೋಲ್ಟ್ ಮುಟ್ಟಿದರೆ ಅದು ಡಯೋಡಿನ 1000 ವೋಲ್ಟಿನ ಮಿತಿಗೇ ಬಂದು ನಿಲ್ಲುತ್ತದೆ. ಟ್ಯೂಬುಗಳು ಕಾಯುವ ಮೊದಲಿನ ಕ್ಷಣಗಳಲ್ಲಿ 450 ವೋಲ್ಟಿನ ಫಿಲ್ಟರ್ ಕಂಡೆನ್ಸರುಗಳ ಮೇಲೆ ಅವುಗಳ ಮಿತಿ ಮೀರಿದ ಒತ್ತಡ ಬೀಳುತ್ತಿತ್ತು, ಹಮ್ಮಿಂಗಿಗೆ ಅದೂ ಕಾರಣ. ಡಯೋಡುಗಳನ್ನು ತೆಗೆಸಿ ಕಂಡೆನ್ಸರುಗಳನ್ನು ಹೊಸದು ಹಾಕಿಸಿದೆ. ದುಡಿಯದೇ ಕುಳಿತಿದ್ದ ಹಳೆಯ 5ವೈ3 ಚೆನ್ನಾಗಿಯೇ ಇದ್ದುದರಿಂದ ಇಂದಿಗೂ ಅದೇ ನಡೆಯುತ್ತಿದೆ.

ಎರಡನೆಯ ಬದಲಾವಣೆಯನ್ನು ಅರ್ಥ ಮಾಡಿಕೊಳ್ಳುವುದು ಇನ್ನೂ ಕಷ್ಟವಾಯಿತು. ಮೂಲ ನಕ್ಷೆಯಲ್ಲಿ ಸ್ಪೀಕರಿನ ವೈರಿನಿಂದ 22 ಕಿಲೋ ಓಮ್ ರೆಸಿಸ್ಟರ್ ಮೂಲಕ 12ಎಎಕ್ಸ್7ನ ಎರಡನೇ ಹಂತದ ಕ್ಯಾಥೋಡಿಗೆ ಸಂಕೇತದ ಸ್ವಲ್ಪ ಭಾಗ ಹಿಂದಿರುಗುತ್ತದೆ. ಹಾಗೆ ಹಿಂದಿರುಗಿದ್ದು ಮೂಲ ಸಂಕೇತಕ್ಕೆ ವಿರುದ್ಧವಾಗಿದ್ದು ಹಮ್ಮಿಂಗನ್ನೂ ಒರಟುತನವನ್ನೂ ತಗ್ಗಿಸುತ್ತದೆ. ನಮ್ಮ ಆಂಪ್ಲಿಫೈಯರಿನಲ್ಲಿ ಆ ರೆಸಿಸ್ಟರ್ ಇತ್ತು, ಆದರೆ ಅದರ ಒಂದು ಕಾಲನ್ನು ಕತ್ತರಿಸಿ ಗಾಳಿಯಲ್ಲಿ ಬಿಟ್ಟಿದ್ದರು. ಯಾರೋ ಹೆಚ್ಚು ಸದ್ದಿನ ಆಸೆಯಿಂದ ಕತ್ತರಿಸಿರಬೇಕು ಎಂಬುದು ನನ್ನ ಊಹೆಯಾಗಿತ್ತು. ಹಿರಿಯರು ಒಪ್ಪಲಿಲ್ಲ. ಅವರ ಕಣ್ಣು 6ವಿ6 ಟ್ಯೂಬನ್ನೂ ಸ್ಪೀಕರನ್ನೂ ಬೆಸೆಯುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೇಲಿತ್ತು: ಅದನ್ನು ಎಂದೋ ಬದಲಿಸಲಾಗಿತ್ತು, ಸ್ಥಳೀಯವಾಗಿ ಸುತ್ತಿಸಿದ ಕಾಯಿಲ್ ಆದ್ದರಿಂದ ಟ್ಯೂಬಿನ ಕಡೆಯ ಎರಡು ಪ್ರೈಮರಿ ವೈರುಗಳೂ ಒಂದೇ ಬಣ್ಣದವಾಗಿದ್ದವು. ಅವು ಅದಲು ಬದಲಾದರೆ ಸ್ಪೀಕರಿಗೆ ಬರುವ ಸಂಕೇತ ತಲೆಕೆಳಗಾಗುತ್ತದೆ. ತಗ್ಗಿಸಬೇಕಾದ ಹಿಂದಿರುಗುವ ಸಂಕೇತ ಆಗ ಹೆಚ್ಚಿಸತೊಡಗಿ ಆಂಪ್ಲಿಫೈಯರ್ ಕಿರುಚುತ್ತದೆ. ಕತ್ತರಿಸಿದ ಕಾಲನ್ನು ತಾತ್ಕಾಲಿಕವಾಗಿ ಸೇರಿಸಿ ನೋಡಿದಾಗ ಕಿವಿ ಮುಚ್ಚಿಕೊಳ್ಳುವಂತೆ ಕಿರುಚಿಯೇಬಿಟ್ಟಿತು. ಎರಡು ವೈರುಗಳನ್ನು ಅದಲು ಬದಲು ಮಾಡಿ ಬೆಸೆದ ತಕ್ಷಣ ಸದ್ದಡಗಿತು. ಆ ಹಿಂದಿನ ರಿಪೇರಿಯವರು ಕಿರುಚುವಿಕೆಯ ಕಾರಣವನ್ನು ಬಿಟ್ಟು ಕಿರುಚುವಿಕೆಯನ್ನಷ್ಟೇ ಕತ್ತರಿಸಿದ್ದರು, ಟ್ರಾನ್ಸ್‌ಫಾರ್ಮರ್ ಬದಲಿಸಿದ್ದೇವೆ ಎಂಬ ಒಂದು ಸಾಲು ಎಲ್ಲಾದರೂ ಇದ್ದಿದ್ದರೆ ಈ ಹುಡುಕಾಟವೇ ಬೇಕಿರಲಿಲ್ಲ.

ಮಿಕ್ಕವು ಸಣ್ಣವು. ಫ್ಯೂಸ್ ಹೋಲ್ಡರಿನೊಳಗೆ ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತಿದ್ದರು. ಅಲ್ಲಿಗೆ ಅರ್ಧ ಆಂಪಿಯರಿನ ಸ್ಲೋ ಬ್ಲೋ ಫ್ಯೂಸ್ ಬಂದಿದೆ. ಹಿಂಬದಿಯಲ್ಲಿ ಹೆಸರಿಲ್ಲದ ಒಂದು ಟಾಗಲ್ ಸ್ವಿಚ್ ಇತ್ತು. ಅದು ಮೊದಲ ಹಂತದ ಕ್ಯಾಥೋಡಿಗೆ 25 ಮೈಕ್ರೋಫ್ಯಾರಡ್ ಕಂಡೆನ್ಸರ್ ಸೇರಿಸಿ ಗೇನ್, ಅಂದರೆ ಸಂಕೇತ ಹಿಗ್ಗುವ ಪ್ರಮಾಣ, ಹೆಚ್ಚಿಸುತ್ತದೆ. ಮೂಲದಲ್ಲಿ ಇಲ್ಲದಿದ್ದರೂ ಒಳ್ಳೆಯ ಮಾರ್ಪಾಡು, ಅಚ್ಚುಕಟ್ಟಾದ ಬೆಸುಗೆ, ಉಳಿಸಿಕೊಂಡಿದ್ದೇನೆ. ಮಾರ್ಪಾಡು ಮಾಡುವುದರ ಬಗ್ಗೆ ನನ್ನ ತಕರಾರಿಲ್ಲ ಎಂಬುದು ಇಲ್ಲಿಗೆ ಸ್ಪಷ್ಟವಾಗಬೇಕು.

ನಮ್ಮ ಸೀಮೆಗೆ ವಿಶೇಷವಾದ ಒಂದು ದೋಷವನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಆಷಾಢದ ಮಳೆ ಹಿಡಿದ ಮೇಲೆ ಸ್ಪೀಕರಿನಲ್ಲಿ ಚಿಟಿಚಿಟಿ ಸದ್ದು ಬರುತ್ತಿತ್ತು, ಮಾಗಿಯಲ್ಲಿ ತಾನಾಗಿಯೇ ಇಲ್ಲವಾಗುತ್ತಿತ್ತು. ಬಿಡಿಭಾಗಗಳನ್ನು ಕೂರಿಸಿದ್ದ ಹಲಗೆ ಹಳೆಯ ಮಾದರಿಯ ಕಪ್ಪು ಫೈಬರ್ ಬೋರ್ಡ್. ಅದು ರಟ್ಟಿನ ಜಾತಿಯದು, ತೇವ ಹೀರಿದರೆ ವಿದ್ಯುತ್ತನ್ನು ಹರಿಯಗೊಡುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ಶಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ, ಹಿಡಿದು, ಕೆಂಪು ಕಡ್ಡಿಯನ್ನು ಯಾವ ವೈರೂ ಇಲ್ಲದ ಬರಿಯ ಹಲಗೆಗೆ ಒತ್ತಿದರೆ, ಪ್ಲೇಟ್ ರೆಸಿಸ್ಟರುಗಳ ಹತ್ತಿರ ಹಲವು ವೋಲ್ಟ್ ತೋರಿಸುತ್ತಿತ್ತು. ಅಲ್ಲಿ ಸೊನ್ನೆ ಇರಬೇಕು. ಹೇರ್ ಡ್ರೈಯರಿನಿಂದ ಒಣಗಿಸಿದರೆ ಇಳಿಯುತ್ತಿತ್ತು, ಮತ್ತೊಂದು ಜಡಿಮಳೆಗೆ ಮರಳುತ್ತಿತ್ತು. ಆಗುಂಬೆಯಂಥ ಊರು ಇದೇ ತಾಲ್ಲೂಕಿನಲ್ಲಿರುವಾಗ ಒಣಗಿಸುತ್ತಾ ಕೂರುವುದು ಪರಿಹಾರವಲ್ಲ. ಎಲ್ಲ ಬಿಡಿಭಾಗಗಳನ್ನೂ ಬಿಚ್ಚಿ ಗ್ಲಾಸ್ ಎಪಾಕ್ಸಿ ಹಲಗೆಗೆ ವರ್ಗಾಯಿಸಿದ್ದು ಇಡೀ ರಿಪೇರಿಯ ದುಬಾರಿ ಭಾಗ, ಅತ್ಯಂತ ಸಾರ್ಥಕವಾದ ಭಾಗವೂ ಹೌದು. ಮಲೆನಾಡಿನಲ್ಲಿ ಇಂಥ ಆಂಪ್ಲಿಫೈಯರ್ ಇಟ್ಟುಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಹಲಗೆಯನ್ನೇ ಎಂದು ನಾನು ಒತ್ತಿ ಹೇಳುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಚಾಲೂ ಇಟ್ಟರೆ ಟ್ಯೂಬುಗಳ ಕಾವಿಗೇ ಒಳಗಿನ ತೇವ ಆರುತ್ತದೆ, ಹೊದಿಕೆಯ ಬಟ್ಟೆಗೆ ಬೂಷ್ಟು ಹಿಡಿಯುವುದೂ ಕಡಿಮೆ.

ಈಗ ಪ್ಲೇಟಿನ ಮೇಲೆ 345 ವೋಲ್ಟ್, ಕ್ಯಾಥೋಡಿನಲ್ಲಿ 19 ವೋಲ್ಟ್ ಇದೆ, ಶಾಖ 12 ವಾಟಿನ ಆಸುಪಾಸಿನಲ್ಲಿ ನಿಂತಿದೆ. ಸದ್ದು ಮೊದಲಿಗಿಂತ ಒಂದಿಷ್ಟು ಕಡಿಮೆಯಾಗಿದೆ, ಆದರೆ ಮಂದ್ರದ ತಂತಿಗಳು ಈಗ ಬಿಗಿಯಾಗಿ, ಬಿಡಿಬಿಡಿಯಾಗಿ ಕೇಳುತ್ತವೆ. ನುಡಿಸುವುದನ್ನು ನಿಲ್ಲಿಸಿದಾಗ ಹಿನ್ನೆಲೆಯ ಗುಂಯ್ ಹತ್ತಿರ ಕಿವಿಯಿಟ್ಟರೆ ಮಾತ್ರ ತಿಳಿಯುತ್ತದೆ. ಹೊಸ ನಕ್ಷೆಯ ಒಂದು ಪ್ರತಿಯನ್ನು ದಿನಾಂಕದ ಸಮೇತ ಪೆಟ್ಟಿಗೆಯ ಒಳಮೈಗೆ ಅಂಟಿಸಿದ್ದೇವೆ. ಟ್ಯೂಬುಗಳು ಶಿವಮೊಗ್ಗದಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸಬೇಕು. ಸ್ಲೊವಾಕಿಯಾದ ಜೆಜೆ ಕಂಪನಿಯ 6ವಿ6ಎಸ್ ಹೆಚ್ಚಿನ ವೋಲ್ಟೇಜನ್ನೂ ತಾಳಿಕೊಳ್ಳುವುದರಿಂದ ನಮ್ಮ ಕರೆಂಟಿಗೆ ಅದು ಸುರಕ್ಷಿತ ಆಯ್ಕೆ. ಈ ಸರ್ಕ್ಯೂಟಿನಲ್ಲಿ ಔಟ್‌ಪುಟ್ ಟ್ಯೂಬ್ ಒಂದೇ ಇದ್ದು, ಅದರಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂಬ ಹೊಂದಾಣಿಕೆ, ಅಂದರೆ ಬಯಸ್, ಕ್ಯಾಥೋಡ್ ರೆಸಿಸ್ಟರಿನಿಂದ ತಾನಾಗಿಯೇ ಹೊಂದಿಕೊಳ್ಳುತ್ತದೆ. ಜೋಡಿ ಹೊಂದಿಸುವ, ತಿರುಪು ತಿರುಗಿಸುವ ಕೆಲಸವಿಲ್ಲ, ಹಳೆಯದನ್ನು ತೆಗೆದು ಹೊಸದನ್ನು ಹಾಕಿದರಾಯಿತು.