ವೃದ್ಧಾಶ್ರಮ ನೋಡೋಕೆ ಊಟದ ಹೊತ್ತಿಗೇ ಹೋಗಿ

ಮರೆವಿನ ಕಾಯಿಲೆ ಇರುವ ಹಿರಿಯರನ್ನು ಹುಬ್ಬಳ್ಳಿ-ಧಾರವಾಡದ ವೃದ್ಧಾಶ್ರಮಕ್ಕೆ ಸೇರಿಸಬೇಕು ಅಂತಿದ್ದೀರಾ? ಕಟ್ಟಡ, ಗಾರ್ಡನ್ ನೋಡಿ ದುಡ್ಡು ಕಟ್ಟಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ನೋಡಿ.

ನಮ್ಮ ಅವ್ವನಿಗೆ ಡಿಮೆನ್ಶಿಯಾ. ಹುಬ್ಬಳ್ಳಿಯ ಒಂದು ಖಾಸಗಿ ವೃದ್ಧಾಶ್ರಮದಲ್ಲಿ ಇಟ್ಟಿದ್ದೆವು. ಭೇಟಿಗೆ ಬಿಡುತ್ತಿದ್ದುದು ಸಂಜೆ ಮಾತ್ರ. ಫೋನ್ ಮಾಡಿದಾಗೆಲ್ಲ "ಊಟ ಆತ್ರಿ, ಆರಾಮ ಅದಾರ" ಅಂತ ಒಂದೇ ಉತ್ತರ. ರಿಜಿಸ್ಟರ್‌ನಲ್ಲೂ ಹೊತ್ತು ಹೊತ್ತಿಗೂ ಟಿಕ್. ಆದರೆ ಅವ್ವನ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು.

ನನ್ನ ತಂಗಿ ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋದಳು. ಅವ್ವನ ಮುಂದಿದ್ದ ತಾಟಿನಲ್ಲಿ ಖಡಕ್ ರೊಟ್ಟಿ, ಕಾಳುಪಲ್ಯ, ಅನ್ನ, ಸಾರು ಎಲ್ಲ ಒಟ್ಟಿಗೆ. ಹಲ್ಲಿನ ಸೆಟ್ ಡಬ್ಬಿಯಲ್ಲೇ ಇತ್ತು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡಿ ಅಂತ ಸೇರಿಸುವಾಗಲೇ ಹೇಳಿದ್ದೆವು. ಟಿವಿ ಜೋರಾಗಿತ್ತು. ಅವ್ವ ತಾಟು ನೋಡುತ್ತಾ ಸುಮ್ನೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಕೆಲಸದ ಹುಡುಗಿ ಬಂದು "ಒಲ್ಲೆ ಅಂತಾರ್ರೀ" ಅಂತ ತಾಟು ಎತ್ತಿಕೊಂಡು ಹೋದಳು. ಅವ್ವ ಬಾಯೇ ಬಿಟ್ಟಿರಲಿಲ್ಲ! ಈ ಕಾಯಿಲೆಯಲ್ಲಿ ಹಸಿವಿದ್ದರೂ ಊಟ ಹೇಗೆ ಶುರು ಮಾಡಬೇಕು ಅನ್ನೋದೇ ಮರೆತುಹೋಗಬಹುದು. ಮೊದಲ ತುತ್ತು ಕೈಗೆ ಕೊಟ್ಟರೆ ಎಷ್ಟೋ ಸಲ ಮುಂದಿನದು ಅವರೇ ತಿನ್ನುತ್ತಾರೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಜನಕ್ಕೆ ಅವಳೊಬ್ಬಳೇ ಇದ್ದಳು.

ಜಗಳ ತೆಗೆದ ಮೇಲೆ ಇನ್ನೂ ಕೆಟ್ಟದ್ದಾಯಿತು. ಅವ್ವನನ್ನು ಮಲಗಿಸಿಕೊಂಡೇ ಗಡಿಬಿಡಿಯಲ್ಲಿ ಗಂಜಿ ಕುಡಿಸಿದರಂತೆ. ಪಕ್ಕದ ಮಂಚದ ಅಕ್ಕಾರು ಹೇಳಿದ್ದು. ಕೆಮ್ಮು, ಆಮೇಲೆ ಜ್ವರ. ಗಂಜಿ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಿದೆ ಅಂದರು ಆಸ್ಪತ್ರೆಯಲ್ಲಿ.

ನೀವು ಹೋದಾಗ ನೆಟ್ಟಗೆ ಕೂರಿಸಿ ತಿನ್ನಿಸುತ್ತಾರಾ ನೋಡಿ. ತಿನ್ನಿಸುವವರು ಎದುರಿಗೆ ಕೂರುತ್ತಾರಾ, ನಿಂತೇ ಬಾಯಿಗೆ ತುರುಕುತ್ತಾರಾ? ಒಂದು ತುತ್ತು ನುಂಗುವ ತನಕ ಕಾಯುತ್ತಾರಾ? ಊಟವಾದ ಮೇಲೂ ಅರ್ಧ ಗಂಟೆಯಾದರೂ ಕೂರಿಸಿರಬೇಕು. ತಿಂಗಳ ತೂಕ ಬರೆದಿಟ್ಟ ಪುಸ್ತಕ ಕೇಳಿ. ಟಿಕ್‌ಗಿಂತ ಅದನ್ನು ನಂಬಬಹುದು. ಊಟದ ಹೊತ್ತಿಗೆ ಮನೆಯವರು ಬರುವಂತಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ತಿನ್ನುವಾಗ ಕೆಮ್ಮು, ಗೊರಗೊರ ದನಿ, ಕೆನ್ನೆಯೊಳಗೆ ಉಳಿದ ಅನ್ನ ಕಂಡರೆ ಬೇಗ ಡಾಕ್ಟರಿಗೆ ತೋರಿಸಿ. ದೂರು ಕೊಡೋಕೆ ಹಿರಿಯರ ಸಹಾಯವಾಣಿ 14567 ಇದೆ.

ಅವ್ವ ಈಗ ತಂಗಿಯ ಮನೆಯಲ್ಲಿದ್ದಾಳೆ. ಡಿಪಾಸಿಟ್ ಮಾತ್ರ ಇನ್ನೂ ವಾಪಸ್ ಬಂದಿಲ್ಲ.