ಹಳೇ ಬುಲೆಟ್‌ಗೆ ಪಾಯಿಂಟಾ, ಸೆನ್ಸರಾ, ಡಿಜಿಟಲ್ಲಾ?

ಹಳೇ 350 ಸಿಸಿ ಬುಲೆಟ್ ಇಟ್ಟುಕೊಂಡವರು ಬಳ್ಳಾರಿ ಕಡೆ ಇನ್ನೂ ಬೇಕಾದಷ್ಟು ಜನ ಇದ್ದಾರೆ. ತೆರೆದಾಗ ಕಿಡಿ ಬೀಳಿಸುವ ಪುಟ್ಟ ಸ್ವಿಚ್ಚು, ಅಂದರೆ ಪಾಯಿಂಟ್, ಅದನ್ನು ಕಿತ್ತು ಎಲೆಕ್ಟ್ರಾನಿಕ್ ಹಾಕಿಸೋದಾ ಅಂತ ಕೇಳುತ್ತಲೇ ಇರುತ್ತಾರೆ. ನನ್ನ ಗಾಡಿಗೆ ಮೂರನ್ನೂ ಹಾಕಿ ಓಡಿಸಿದ್ದೇನೆ: ಪಾಯಿಂಟ್, ಪಾಯಿಂಟ್ ಜಾಗದಲ್ಲಿ ಕೂರುವ ಅಯಸ್ಕಾಂತದ ಸೆನ್ಸರ್ ಕಿಟ್, ಆಮೇಲೆ ಪೂರ್ತಿ ಡಿಜಿಟಲ್. ಪರೀಕ್ಷೆ ಮಾಡಿದ್ದು ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಏರಿನಲ್ಲಿ, ಬೇಸಿಗೆಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು.

ಕಿಡಿ ಬಿದ್ದ ತಕ್ಷಣ ಪೆಟ್ರೋಲ್ ಎಲ್ಲ ಉರಿದುಬಿಡಲ್ಲ, ಸ್ವಲ್ಪ ಹೊತ್ತು ಬೇಕು. ಇಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ತಿರುಗುವ ದಂಡ) 18 ಡಿಗ್ರಿ ತಿರುಗಿರುತ್ತದೆ. ಅದಕ್ಕೇ ವೇಗ ಏರಿದ ಹಾಗೆ ಕಿಡಿ ಬೇಗ ಬೀಳಬೇಕು. ಹಳೇ ಬುಲೆಟ್‌ನಲ್ಲಿ ಹೀಗೆ ಕಿಡಿಯನ್ನು ಬೇಗ ಬೀಳಿಸುವ ಕೆಲಸ, ಅಂದರೆ ಅಡ್ವಾನ್ಸ್, ಪಾಯಿಂಟಿನದಲ್ಲ. ಅದರ ಕೆಳಗೆ ಎರಡು ತೂಕದ ತುಂಡು, ಎರಡು ಪುಟ್ಟ ಸ್ಪ್ರಿಂಗ್ ಇರುತ್ತವೆ, ಅವುಗಳದ್ದು.

ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಪಾಯಿಂಟನ್ನು ತಿರುಗುತ್ತಾ ತೆರೆಸುವ ಉಬ್ಬಿಗೆ, ಅಂದರೆ ಕ್ಯಾಮ್‌ಗೆ, ಉಜ್ಜುವ ಹಿಮ್ಮಡಿ ಸವೆದರೆ ಗ್ಯಾಪ್ ಕಮ್ಮಿಯಾಗುತ್ತದೆ, ಟೈಮಿಂಗ್ ಲೇಟಾಗುತ್ತದೆ, ಗಾಡಿ ಬಿಸಿಯಾಗುತ್ತದೆ. ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಓಡಿಸಿ ಮುಚ್ಚಳ ತೆಗೆದರೆ ಒಳಗೂ ಕೆಂಪು ಧೂಳು. ಆದರೆ ಪಾಯಿಂಟಿನಷ್ಟು ಮುಚ್ಚುಮರೆ ಇಲ್ಲದ್ದು ಬೇರೆ ಇಲ್ಲ. ಕಿಕ್ಕನ್ನು ಮೆಲ್ಲಗೆ ಒತ್ತಿದರೆ ಆಂಪ್ ಮೀಟರ್ ಮುಳ್ಳು ಮೈನಸ್‌ನಿಂದ ನಡುವಿಗೆ ಬರುತ್ತದೆ. ಪಾಯಿಂಟ್ ತೆರೆಯಿತು ಅಂತ ಅರ್ಥ. ಕೈಕೊಟ್ಟರೆ ಉಪ್ಪುಕಾಗದ, ಒಂದು ಕಂಡೆನ್ಸರ್ ಸಾಕು, ಯಾವ ಊರಲ್ಲಾದರೂ ರಿಪೇರಿ.

ಸೆನ್ಸರ್ ಕಿಟ್ ಹಾಕಿದ ಮೇಲೆ ಗ್ಯಾಪ್ ತಲೆನೋವು ಹೋಯಿತು, ಐಡ್ಲಿಂಗ್ ಒಂದೇ ಹದಕ್ಕೆ ಬಂತು. ಏರಿನಲ್ಲಿ ಮಾತ್ರ ಮೂರನೇ ಗೇರಿಗೆ ಹಾಕಿದರೆ ಅದೇ ಹಳೇ ಟಣಟಣ. ಮೆಕ್ಯಾನಿಕ್ ಡಬ್ಬಿ ಬಿಚ್ಚಿ, “ಸ್ಪ್ರಿಂಗ್ ಜೋತು ಬಿದ್ದಾವ ನೋಡ್ರಿ ಅಣ್ಣ” ಅಂದ. ಸ್ಪ್ರಿಂಗ್ ಸಡಿಲಾದರೆ ತೂಕಗಳು ಬೇಗ ಹರಡುತ್ತವೆ. ಇನ್ನೂ ಕಡಿಮೆ ವೇಗದಲ್ಲೇ ಅಡ್ವಾನ್ಸ್ ಜಾಸ್ತಿಯಾಗಿ ನಾಕ್, ಅಂದರೆ ಆ ಟಣಟಣ ಸದ್ದು, ಬರುತ್ತದೆ. ಕಿಟ್ ಬದಲಾಯಿಸೋದು ಸ್ವಿಚ್ಚನ್ನು ಅಷ್ಟೇ, ಟೈಮಿಂಗ್ ಇನ್ನೂ ಹಳೇ ಸ್ಪ್ರಿಂಗ್ ಕೈಲೇ ಇರುತ್ತದೆ. ಇದನ್ನು ಕಿಟ್ ಮಾರುವವರು ಹೇಳೋದೇ ಇಲ್ಲ, ಅಲ್ವಾ?

ಡಿಜಿಟಲ್‌ನಲ್ಲಿ ತೂಕವೂ ಇಲ್ಲ, ಸ್ಪ್ರಿಂಗೂ ಇಲ್ಲ. ಯಾವ ವೇಗಕ್ಕೆ ಎಷ್ಟು ಅಡ್ವಾನ್ಸ್ ಅನ್ನೋದು ಚಿಪ್‌ನಲ್ಲೇ ಇರುತ್ತದೆ. ಕಿಕ್ ಹೊಡೆಯುವಾಗ ಕಿಡಿ ತಡವಾಗಿ ಬೀಳುವುದರಿಂದ ಕಿಕ್ ತಿರುಗಿ ಕಾಲಿಗೆ ಹೊಡೆಯಲ್ಲ. ಹಿಂದೆ ಒಬ್ಬರು ಕೂತಿದ್ದರೂ ಏರಿನಲ್ಲಿ ಸದ್ದಿಲ್ಲ. ಓಡಿಸೋಕೆ ಇದೇ ಚೆಂದ, ಎರಡು ಮಾತಿಲ್ಲ. ಆದರೆ ಬ್ಯಾಟರಿ ಸ್ವಲ್ಪ ಇಳಿದರೂ ಮುನಿಸಿಕೊಳ್ಳುತ್ತದೆ. ಪಾಯಿಂಟ್ ಆಗಿದ್ದರೆ ಅಷ್ಟರಲ್ಲೇ ಸ್ಟಾರ್ಟ್ ಆಗುತ್ತಿತ್ತು. ಡಿಜಿಟಲ್ ಡಬ್ಬಿ ಸತ್ತರೆ ದಾರಿಯಲ್ಲಿ ಮಾಡೋದೇನೂ ಇಲ್ಲ, ತಳ್ಳೋದೇ.

ದಿನಾ ಓಡಿಸುವ, ಬ್ಯಾಟರಿ ನೋಡಿಕೊಳ್ಳುವ ಮಂದಿಗೆ ಡಿಜಿಟಲ್ ಸರಿ. ಹಳ್ಳಿ ಹಾದಿಯಲ್ಲಿ ಒಂಟಿಯಾಗಿ ಓಡಾಡುವ ನನಗೆ ಸೆನ್ಸರ್ ಕಿಟ್ಟು, ಹೊಸ ಸ್ಪ್ರಿಂಗು ಹಿಡಿಸಿವೆ. ಟೂಲ್ ಡಬ್ಬಿಯಲ್ಲಿ ಹಳೇ ಪಾಯಿಂಟ್ ಪ್ಲೇಟ್ ಇದ್ದೇ ಇರುತ್ತದೆ. ಕಿಟ್‌ಗೆ ದುಡ್ಡು ಸುರಿಯುವ ಮೊದಲು ಇಂಜಿನ್ ಆಫ್ ಮಾಡಿ, ಪಾಯಿಂಟ್ ಕ್ಯಾಮನ್ನು ಬೆರಳಲ್ಲಿ ತಿರುವಿ ಬಿಟ್ಟು ನೋಡಿ. ಟಕ್ ಅಂತ ವಾಪಸ್ ಬರದಿದ್ದರೆ ಮೊದಲು ಸ್ಪ್ರಿಂಗ್ ಬದಲಾಯಿಸಿ.